ಅಕ್ಷರಕ್ಕೆ ಮೊದಲು ಬಣ್ಣ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನಲ್ಲಿ ಅತ್ತಿವೇರಿ ಎಂಬ ಊರಿದೆ. ಮಲೆನಾಡಿನ ಕಾಡು ತೆಳುವಾಗುತ್ತ ಬಯಲುಸೀಮೆ ತೊಡಗುವ ಎಡೆ ಅದು. ಅಲ್ಲಿನ ಜಲಾಶಯದ ಆಸರೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ, ಚಮಚಕೊಕ್ಕು ಮೊದಲಾದ ಹಕ್ಕಿಗಳು ಬೀಡುಬಿಡುತ್ತವೆ. ಪಕ್ಷಿಧಾಮವನ್ನು ಕಾಣಲೆಂದು ದೂರದೂರದ ಜನ ಬರುತ್ತಾರೆ. ಊರ ಮಕ್ಕಳಿಗಾದರೋ ಈ ಹಕ್ಕಿಗಳು ನೆರೆಮನೆಯವರಿದ್ದಂತೆ.

ಇಂಥ ಊರಿನ ಅಂಗನವಾಡಿಯೊಂದನ್ನು ಕಣ್ಣಮುಂದೆ ತಂದುಕೊಳ್ಳಬಹುದು. ನಾಲ್ಕು ವರ್ಷದ ಹುಡುಗಿಯೊಬ್ಬಳು ಚಾಪೆಯ ಮೇಲೆ ಬೋರಲಾಗಿ ಮಲಗಿ ಹಕ್ಕಿಯ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಾಳೆ. ಕೈಯಲ್ಲಿ ಮೇಣದ ಬಣ್ಣದ ಕಡ್ಡಿಯ ಒಂದು ತುಂಡು. ಬಣ್ಣವು ಗೆರೆಯನ್ನು ದಾಟಿ ಹೊರಗೆ ಹರಿದಿದೆ. ಕರೆದೊಯ್ಯಲು ಬಂದ ತಾಯಿಗೆ ಅದು ರುಚಿಸುವುದಿಲ್ಲ.

"ಏನ್ರಿ ಅಕ್ಕೋರ, ದಿನಾ ಬರೇ ಬಣ್ಣಾ ಹಚ್ಚೂದ ಆತು. ಅಕ್ಷರಾ ತಿದ್ದಸೂದು ಯಾವಾಗ?"

"ಕೈ ಹದಕ್ಕ ಬರ್ಲಿ ತಡಿಯವ್ವ" ಎಂದು ಅಕ್ಕೋರು ನಗುತ್ತಾರೆ.

ತಾಯಿಯ ಪ್ರಶ್ನೆ ಹಗುರವಾದುದಲ್ಲ. ಅಕ್ಷರ ಕೈತಪ್ಪಿದವರ ಬಾಳು ಎಂಥದೆಂಬುದನ್ನು ಕಂಡುಂಡವಳು ಆಕೆ. ಪಟ್ಟಣದ ಮಕ್ಕಳು ಮೂರನೆಯ ವರ್ಷಕ್ಕೇ ಪುಟಗಟ್ಟಲೆ ಬರೆಯುವರೆಂಬ ಸುದ್ದಿಯೂ ಆಕೆಯ ಕಿವಿಗೆ ಬಿದ್ದಿದೆ. ತನ್ನ ಮಗಳು ಹಿಂದೆ ಬೀಳಬಾರದೆಂಬ ಕಳವಳ ಆಕೆಯದು. ಆದರೆ ಅಕ್ಕೋರ ಉತ್ತರದಲ್ಲಿಯೂ ದೊಡ್ಡದೊಂದು ಸತ್ಯವಿದೆ.

ಮಗುವಿನ ಕೈ ಹಿರಿಯರ ಕೈಯ ಕಿರಿದಾದ ಅಚ್ಚಲ್ಲ. ಬೆಳೆದವರ ಮಣಿಕಟ್ಟಿನಲ್ಲಿ 8 ಚಿಕ್ಕ ಎಲುಬುಗಳಿರುತ್ತವೆಯಷ್ಟೆ. ಹುಟ್ಟಿದ ಕೂಸಿನಲ್ಲಿ ಅವು ಇನ್ನೂ ಮೆದುವಾದ ಮೃದ್ವಸ್ಥಿ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಗೊಂಡು, ಕಡೆಯದರ ಸರದಿ ಬರುವಷ್ಟರಲ್ಲಿ ಮಗುವಿಗೆ ಸಾಮಾನ್ಯವಾಗಿ ಎಂಟು ವರ್ಷ ದಾಟಿರುತ್ತದೆ. ಹಿಡಿತವೂ ಹಾಗೆಯೇ ಮೆಲ್ಲಮೆಲ್ಲನೆ ಮಾಗುತ್ತದೆ. ಒಂದೂವರೆ ವರ್ಷದ ಕೂಸು ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ಗೀಚುವಾಗ ಆಡುವುದು ಹೆಗಲು. ಮೂರರ ಸುಮಾರಿಗೆ ಕಡ್ಡಿ ಬೆರಳಿಗಿಳಿದರೂ ತೋಳು ಸುಮ್ಮನಿರದು. ನಾಲ್ಕರಿಂದ ಆರರ ನಡುವೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಕೂಡಿ ಕಡ್ಡಿಯನ್ನು ಆಡಿಸಲು ಕಲಿಯುತ್ತವೆ. ಬಣ್ಣ ತುಂಬುವ ಆಟ ಈ ಕಲಿಕೆಗೆ ಒದಗುವ ಸಾಧನೆ. ಹಕ್ಕಿಯ ರೆಕ್ಕೆ ಎಷ್ಟು ಅಗಲವೋ ಅಷ್ಟಕ್ಕೇ ಕೈಯನ್ನು ತಡೆಯಬೇಕು. ಅಂಚು ಬಂದಲ್ಲಿ ತಿರುಗಿಸಬೇಕು. ಕಣ್ಣು ಹೇಳಿದುದನ್ನು ಬೆರಳು ಕೇಳಬೇಕು.

ಕನ್ನಡದ ಮಗುವಿಗೆ ಇದು ಇನ್ನೂ ಅಗತ್ಯ. ಕನ್ನಡ ಲಿಪಿಯೆಲ್ಲ ದುಂಡು. ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದು ಮುಗಿಸುವಂಥ ಅಕ್ಷರ ಅದರಲ್ಲಿಲ್ಲ. 'ಅ' ಎಂಬ ಮೊದಲ ಅಕ್ಷರವೇ ಸುತ್ತಿ ಬಳಸಿ ನಡೆಯುವಂಥದು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತ 'ನಲಿ-ಕಲಿ' ಪದ್ಧತಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ ರ, ಗ, ಸ, ದ, ಅ ಎಂದು ಆರಂಭಿಸುತ್ತಾರೆ. 'ರ' ಬಂದ ಕೈಗೆ 'ಅ' ಅಷ್ಟು ದೂರವಲ್ಲ. ಬೆರಳು ತಿರುಗಲು ಕಲಿಯುವ ಮೊದಲೇ 'ಅ'ವನ್ನು ನೂರು ಬಾರಿ ತಿದ್ದಿಸಿದರೆ ಮಗು ಕಲಿಯುವುದು ಅಕ್ಷರವನ್ನಲ್ಲ, ಕೈನೋವನ್ನು. ಅದರ ಬೆನ್ನಿಗೇ ಬರವಣಿಗೆಯ ಮೇಲಿನ ಬೇಸರವನ್ನು.

ಇದನ್ನು ಕಂಡುಕೊಂಡವರಲ್ಲಿ ಇಟಲಿಯ ವೈದ್ಯೆ ಮರಿಯಾ ಮಾಂಟೆಸರಿ ಪ್ರಮುಖರು. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಅವರು ಮಕ್ಕಳ ಮನೆಯೊಂದನ್ನು ತೆರೆದರು. ಲೋಹದ ಆಕೃತಿಗಳನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆಯೆಳೆಯುವುದು, ಆ ಗೆರೆಯೊಳಗನ್ನು ಬಣ್ಣದ ಪೆನ್ಸಿಲಿನಿಂದ ತುಂಬುವುದು ಅವರ ಪದ್ಧತಿಯ ಒಂದು ಪಾಠ. ಹೀಗೆ ಪಳಗಿದ ಮಕ್ಕಳು ಮುಂದೆ ತಾವಾಗಿಯೇ ಬರೆಯತೊಡಗಿದುದನ್ನು ಅವರು ಬೆರಗಿನಿಂದ ದಾಖಲಿಸಿದ್ದಾರೆ. 1939ರಲ್ಲಿ ಮದರಾಸಿಗೆ ಬಂದು ಇಲ್ಲಿನ ಶಿಕ್ಷಕರಿಗೂ ತರಬೇತಿ ಕೊಟ್ಟರು. ಅಂಗನವಾಡಿಗಳನ್ನು ಹುಟ್ಟುಹಾಕಿದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದುದು ಬಹಳ ಮುಂದೆ, 1975ರ ಅಕ್ಟೋಬರ್ 2ರಂದು.

ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಕಡ್ಡಿ ಮುರಿಯಿತೆಂದು ಎಸೆಯುವವರುಂಟು. ವಾಸ್ತವವಾಗಿ ಮುರಿದ ತುಂಡೇ ಮೇಲು. ಮುಷ್ಟಿಗೆ ಅದರಲ್ಲಿ ಎಡೆಯಿಲ್ಲದ ಕಾರಣ ಬೆರಳತುದಿಗಳೇ ಅದನ್ನು ಹಿಡಿಯಬೇಕಾಗುತ್ತದೆ. ಮೇಣದ ಕಡ್ಡಿ ಒತ್ತಿದಷ್ಟೇ ಬಣ್ಣ ಕೊಡುವುದರಿಂದ ಬೆರಳಿಗೆ ಬಲವೂ ಬರುತ್ತದೆ. ಹಾಳೆಯನ್ನು ಗೋಡೆಗೆ ಅಂಟಿಸಿಕೊಟ್ಟರೆ ಹೆಗಲೂ ಮಣಿಕಟ್ಟೂ ಗಟ್ಟಿಯಾಗುತ್ತವೆ. ಕಡ್ಡಿಯೇ ಇಲ್ಲದಲ್ಲಿ ಇದ್ದಿಲು, ಕೆಮ್ಮಣ್ಣು, ಅರಿಸಿನ, ಬಸಳೆಹಣ್ಣಿನ ರಸಗಳಿವೆ. ಆದರೆ ಬರಿಯ ಅಚ್ಚಿನ ಚಿತ್ರಗಳನ್ನೇ ಕೊಡುತ್ತ ಹೋಗುವುದೂ ಸಲ್ಲದು. ತನ್ನ ಮನಸ್ಸಿನ ಆನೆಯನ್ನು ತಾನೇ ಬರೆಯುವ ಹಕ್ಕು ಮಗುವಿಗುಂಟು. ಎಡಗೈಯ ಕಡ್ಡಿಯನ್ನು ಕಿತ್ತು ಬಲಗೈಗೆ ಕೊಡುವ ಹಿರಿಯರೂ ಇದ್ದಾರೆ. ಅದು ಬೇಡದ ಕೆಲಸ.

ಆ ತಾಯಿಯೂ ಈ ವಿದ್ಯೆಗೆ ಹೊಸಬಳಲ್ಲ. ಹಬ್ಬದ ಮುಂಜಾನೆ ಅಂಗಳ ಸಾರಿಸಿ ರಂಗೋಲಿ ಹಾಕುವಾಗ ಮಗಳು ಪುಡಿಗಾಗಿ ಕೈಯೊಡ್ಡಿದರೆ, "ಮುಟಗಿ ತುಂಬ ತಗೋಬ್ಯಾಡ, ಹಿಂಗ ಬೆರಳಾಗ ಹಿಡಿ" ಎಂದು ಆಕೆ ತೋರಿಸಿಕೊಡುವಳು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಅಂಗನವಾಡಿಯಲ್ಲಿ ಬಣ್ಣದ ತುಂಡನ್ನು ಹಿಡಿಯಲು ಕಲಿಯುತ್ತಿರುವುದೂ ಆ ಮೂರು ಬೆರಳುಗಳೇ.

ಮಗಳು ಚಿತ್ರವನ್ನು ಮುಗಿಸಿ ತಾಯಿಯ ಮುಂದೆ ಹಿಡಿಯುತ್ತಾಳೆ. ಬೆಳ್ಳನೆಯ ಹಕ್ಕಿ, ಚಮಚದಂಥ ಕರಿಯ ಕೊಕ್ಕು. ಅದರ ತುದಿಗೆ ಮಾತ್ರ ಹಳದಿ ಮೆತ್ತಿದ್ದಾಳೆ.

"ಇದೇನ, ಕೊಕ್ಕಿನ ತುದಿಗೆ ಅರಿಸಿಣ?"

"ಅದರ ಕೊಕ್ಕು ಹಂಗ ಐತಿ, ಯವ್ವಾ. ನೀ ನೀರಿನ ದಂಡಿಗೆ ಬಂದಾಗ ನೋಡಿಲ್ಲೇನು?"