ತಪ್ಪಾದರೆ ಮೆಷಿನ್‌ಗೆ ಗೊತ್ತಾಗುತ್ತಾ?

ಮನೆಯ ಗ್ಯಾರೇಜಿನಲ್ಲಿ ಕೂತು ಪಿಸ್ತೂಲಿನ ಕಾಡತೂಸು ತಯಾರಿಸಿಕೊಳ್ಳುವುದು ಅಮೆರಿಕದಲ್ಲಿ ಒಂದು ಹವ್ಯಾಸ ಅಂದರೆ ಪುಣೆಯ ನನ್ನ ಗೆಳೆಯರು ನಂಬುವುದೇ ಇಲ್ಲ. ನಂಬದಿರುವುದು ಸಹಜ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಅಲ್ಲಿ ಸ್ವಂತ ಬಳಕೆಗೆ ಮಾಡಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಡ, ಮಾರುವುದಾದರೆ ಬೇಕು.

ಅರಿಜೋನಾದ ಫೀನಿಕ್ಸ್‌ನಲ್ಲಿರುವ ನನ್ನ ದೊಡ್ಡಮ್ಮನ ಮಗ ಈ ಹವ್ಯಾಸದವನು. ತಿಂಗಳಿಗೆರಡು ಶೂಟಿಂಗ್ ಪಂದ್ಯ, ನಡುವೆ ಅಭ್ಯಾಸ, ಎಲ್ಲ ಸೇರಿ ಸುಮಾರು ಆರುನೂರು ಕಾಡತೂಸು ಖರ್ಚು. ಆಫೀಸಿನ ಕೆಲಸದ ಮೇಲೆ ನಾನು ಅಲ್ಲಿ ಎಂಟು ತಿಂಗಳಿದ್ದಾಗ, "ನೀನು ಸಾಫ್ಟ್‌ವೇರ್‌ನವನಲ್ವಾ, ಎಲ್ಲ ಕೋಷ್ಟಕ ಹಾಕಿ ನೋಡ್ತೀಯ, ನನಗೊಂದು ಒಳ್ಳೆ ಪ್ರೆಸ್ ಆರಿಸಿಕೊಡು" ಎಂದ. ನನ್ನಂಥ ತಾತ್ಕಾಲಿಕ ವೀಸಾದವರು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ, ಅಲ್ಲಿ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ನನ್ನ ಕೆಲಸವೆಲ್ಲ ದೂರದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಹಿಡಿದು ನೋಡುವುದು, ಕೇಳುವುದು, ಬರೆದುಕೊಳ್ಳುವುದು.

ಕಾಡತೂಸಿನಲ್ಲಿ ನಾಲ್ಕೇ ಭಾಗ: ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಿಯಲ್ಲಿ ಗುಂಡು. ಹೊಡೆದ ಮೇಲೂ ಹಿತ್ತಾಳೆ ಉಳಿಯುತ್ತದೆ. ಅದನ್ನು ಆರಿಸಿ ತಂದು ತೊಳೆದು, ಹಳೆಯ ಪ್ರೈಮರ್ ತೆಗೆದು, ಹಿಗ್ಗಿದ ಕೇಸನ್ನು ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಬಾಯಿ ಅಗಲಿಸಿ, ಮದ್ದು ಹಾಕಿ, ಗುಂಡು ಕೂರಿಸಿ, ಬಾಯಿ ಬಿಗಿದರೆ ಮತ್ತೊಂದು ಸಲಕ್ಕೆ ಸಿದ್ಧ.

ಸಿಂಗಲ್ ಸ್ಟೇಜ್ ಪ್ರೆಸ್ಸಿನಲ್ಲಿ ಒಂದು ಸಲಕ್ಕೆ ಒಂದೇ ಕೆಲಸ. ಐವತ್ತು ಕೇಸಿಗೂ ಮೊದಲ ಹಂತ ಮುಗಿಸಿ, ಡೈ ಬದಲಿಸಿ ಎರಡನೆಯದಕ್ಕೆ ಹೋಗಬೇಕು. ಗಂಟೆಗೆ ಐವತ್ತಾದರೆ ಹೆಚ್ಚು. ಅಣ್ಣನ ಲೆಕ್ಕಕ್ಕೆ ತಿಂಗಳಿಗೆ ಹನ್ನೆರಡು ಗಂಟೆ. ಟರೆಟ್ ಪ್ರೆಸ್ಸಿನಲ್ಲಿ ಡೈಗಳು ಮೇಲೆ ತಿರುಗುವುದರಿಂದ ನಾಲ್ಕೈದು ಗಂಟೆ ಸಾಕು. ಪ್ರೋಗ್ರೆಸಿವ್ ಪ್ರೆಸ್ಸಿನಲ್ಲಿ ಕೇಸುಗಳೇ ಒಂದು ತಟ್ಟೆಯ ಮೇಲೆ ಸುತ್ತುತ್ತವೆ. ಒಮ್ಮೆ ಹಿಡಿ ಎಳೆದರೆ ಎಲ್ಲ ನಿಲ್ದಾಣಗಳಲ್ಲೂ ಒಟ್ಟಿಗೆ ಕೆಲಸ ನಡೆದು, ಪ್ರತಿ ಎಳೆತಕ್ಕೊಂದು ಕಾಡತೂಸು ಬುಟ್ಟಿಗೆ ಬೀಳುತ್ತದೆ. ಗಂಟೆಗೆ ನಾನೂರು ಕಷ್ಟವಲ್ಲ.

ನನ್ನ ಕೋಷ್ಟಕದ ಮೊದಲ ಕಾಲಂ ವೇಗ, ಎರಡನೆಯದು ಬೆಲೆ. ಒಂದು ಸಂಜೆ ಅತ್ತಿಗೆ ಕಾಫಿ ತಂದವರು ಅದನ್ನು ನೋಡಿ ಕೇಳಿದರು: "ತಪ್ಪಾದರೆ ಮೆಷಿನ್‌ಗೆ ಗೊತ್ತಾಗುತ್ತಾ?"

ಇದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ. 9 ಎಂಎಂ ಕೇಸಿಗೆ ಬೇಕಾಗುವ ಮದ್ದು ಅರ್ಧ ಗ್ರಾಂಗಿಂತಲೂ ಕಡಿಮೆ. ಕೆಲವು ಮದ್ದುಗಳು ಕೇಸಿನ ಅರ್ಧವನ್ನೂ ತುಂಬುವುದಿಲ್ಲ. ಕೈತಪ್ಪಿ ಎರಡು ಸಲ ಬಿದ್ದರೂ ಹೊರಗೆ ಚೆಲ್ಲುವುದಿಲ್ಲ, ಮೇಲೆ ಗುಂಡು ಕೂತರೆ ನೋಡಲು ಎಲ್ಲದರಂತೆಯೇ ಇರುತ್ತದೆ. ಹೊಡೆದಾಗ ಪಿಸ್ತೂಲು ಕೈಯಲ್ಲೇ ಸಿಡಿಯಬಹುದು. ಮದ್ದೇ ಬೀಳದಿದ್ದರೂ ಅಪಾಯವೇ. ಬರೀ ಪ್ರೈಮರ್‌ನ ಬಲಕ್ಕೆ ಗುಂಡು ನಳಿಗೆಯಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಸ್ಕ್ವಿಬ್ ಅನ್ನುತ್ತಾರೆ. ಸದ್ದು ಮೆತ್ತಗಾದದ್ದನ್ನು ಗಮನಿಸದೆ ಮತ್ತೊಂದು ಹೊಡೆದರೆ ಆ ನಳಿಗೆಯ ಗತಿ ಹೇಳಬೇಕಾಗಿಲ್ಲ.

ನಾನಿರುವ ಪುಣೆಯ ಖಡಕಿಯಲ್ಲಿ 1869ರಿಂದ ಮದ್ದುಗುಂಡು ಕಾರ್ಖಾನೆ ಇದೆ. ಯಾವುದೇ ಕಾರ್ಖಾನೆಯಲ್ಲಿ ಮಾಡುವವರು ಒಬ್ಬರು, ಪರೀಕ್ಷಿಸುವವರು ಇನ್ನೊಬ್ಬರು. ಗ್ಯಾರೇಜಿನಲ್ಲಿ ಎರಡೂ ಒಬ್ಬನೇ. ಕೋಡ್ ಬರೆದವನೇ ಟೆಸ್ಟ್ ಮಾಡಿ ಲೈವ್ ಮಾಡಿದರೆ ಏನಾಗುತ್ತದೆಂದು ನಮ್ಮ ವೃತ್ತಿಯವರಿಗೆ ವಿವರಿಸಬೇಕಿಲ್ಲ. ಇಲ್ಲಿ ರೋಲ್‌ಬ್ಯಾಕ್ ಕೂಡ ಇಲ್ಲ.

ಆಮೇಲೆ ಅತ್ತಿಗೆಯ ಪ್ರಶ್ನೆಯೇ ಮೊದಲ ಕಾಲಂ ಆಯಿತು, ಆಯ್ಕೆಯೂ ಬದಲಾಯಿತು. ಡಿಲನ್ 550ರಲ್ಲಿ ನಾಲ್ಕು ನಿಲ್ದಾಣ. ತಟ್ಟೆಯನ್ನು ಪ್ರತಿ ಸಲ ಕೈಯಲ್ಲೇ ತಿರುಗಿಸಬೇಕು. ಕಲಿಯುವವರಿಗೆ ಇದು ಒಳ್ಳೆಯದು ಅನ್ನುವವರು ಬಹಳ, ಏಕೆಂದರೆ ಪ್ರತಿ ಹೆಜ್ಜೆಯೂ ನಮ್ಮ ಹಿಡಿತದಲ್ಲಿರುತ್ತದೆ. ಆದರೆ ಫೋನ್ ರಿಂಗಾಗಿ ತಿರುಗಿಸುವುದನ್ನು ಮರೆತರೆ ಅದೇ ಕೇಸಿಗೆ ಮತ್ತೆ ಮದ್ದು. ಡಿಲನ್ 750 ಮತ್ತು ಹಾರ್ನಡಿಯ ಲಾಕ್ ಎನ್ ಲೋಡ್ ಎಪಿ, ಎರಡರಲ್ಲೂ ಐದು ನಿಲ್ದಾಣ, ತಟ್ಟೆ ತಾನೇ ತಿರುಗುತ್ತದೆ. ಆ ಮರೆವಿಗೆ ಜಾಗವಿಲ್ಲ. ಹಾಗೆಂದು ಪೂರ್ತಿ ನಿಶ್ಚಿಂತೆಯೂ ಅಲ್ಲ. ನಡುವೆ ಏನೋ ಸಿಕ್ಕಿಕೊಂಡು ಹಿಡಿಯನ್ನು ಅರ್ಧಕ್ಕೆ ಬಿಟ್ಟು ಮತ್ತೆ ಎಳೆದರೆ ಅಲ್ಲೂ ಎರಡು ಸಲ ಬೀಳಬಹುದು.

ಐದನೆಯ ನಿಲ್ದಾಣದ ನಿಜವಾದ ಬೆಲೆ ಬೇರೆ. ಮದ್ದು ಹಾಕುವ ಮತ್ತು ಗುಂಡು ಕೂರಿಸುವ ಹಂತಗಳ ನಡುವೆ ಪೌಡರ್ ಚೆಕ್ ಕೂರಿಸಲು ಅದು ಜಾಗ ಕೊಡುತ್ತದೆ. ಒಂದು ಕಡ್ಡಿ ಕೇಸಿನೊಳಗಿಳಿದು ಮದ್ದಿನ ಮಟ್ಟ ನೋಡುತ್ತದೆ. ತೀರಾ ಹೆಚ್ಚಿದ್ದರೆ, ಇಲ್ಲವೇ ಖಾಲಿಯಿದ್ದರೆ ಡಿಲನ್‌ನದು ಬೀಪ್ ಅನ್ನುತ್ತದೆ, ಆರ್‌ಸಿಬಿಎಸ್ ಕಂಪನಿಯ ಲಾಕ್‌ಔಟ್ ಡೈ ಹಿಡಿಯನ್ನೇ ತಡೆಯುತ್ತದೆ. ಸಣ್ಣ ಏರುಪೇರು ಇದಕ್ಕೆ ತಿಳಿಯದು. ಅದಕ್ಕೆ ನಡುನಡುವೆ ತಕ್ಕಡಿಯಲ್ಲಿ ತೂಗಿ ನೋಡಬೇಕು.

ಕೊನೆಗೆ ಅಣ್ಣ ಕೊಂಡದ್ದು ಐದು ನಿಲ್ದಾಣದ್ದು. ಮದ್ದು ಬಿದ್ದ ಕೇಸಿನೊಳಗೆ ಇಣುಕಲು ಅನುಕೂಲವಾಗುವಂತೆ ಸಣ್ಣ ಎಲ್‌ಇಡಿ ದೀಪವೊಂದನ್ನೂ ಸಿಕ್ಕಿಸಿದ. ನಿಯಮಗಳು ಬಹುಪಾಲು ಅತ್ತಿಗೆಯವು. ಮೇಜಿನ ಮೇಲೆ ಒಂದೇ ಬಗೆಯ ಮದ್ದು. ಅದೂ ಅದರ ಮೂಲ ಡಬ್ಬಿಯಲ್ಲೇ. ಫೋನ್ ಒಳಗೆ. ಏನಾದರೂ ಸಿಕ್ಕಿಕೊಂಡರೆ ತಟ್ಟೆಯ ಮೇಲಿನ ಎಲ್ಲ ಕೇಸುಗಳನ್ನೂ ತೆಗೆದು ಹೊಸದಾಗಿ ಶುರು. ಹಳೆಯ ಪ್ರೈಮರ್ ಮಸಿಯಲ್ಲಿ ಸೀಸ ಇರುವುದರಿಂದ ಒಂಬತ್ತು ವರ್ಷದ ಮಗಳಿಗೆ ಅಲ್ಲಿ ಪ್ರವೇಶವಿಲ್ಲ, ಅಪ್ಪ ಕೈ ತೊಳೆಯದೆ ಅವಳನ್ನು ಮುಟ್ಟುವಂತಿಲ್ಲ.

ನೀವು ಅಲ್ಲಿದ್ದು, ಕಾನೂನಿನ ಅಡ್ಡಿಯೂ ಇಲ್ಲದೆ, ವಾರಕ್ಕೆ ಐವತ್ತು ಮಾತ್ರ ಹೊಡೆಯುವವರಾದರೆ ಸಿಂಗಲ್ ಸ್ಟೇಜ್ ಸಾಕು ಎಂದೇ ನನ್ನ ಸಲಹೆ. ನೂರಾರು ಬೇಕೆಂದರೆ ಪ್ರೋಗ್ರೆಸಿವ್ ಕೊಳ್ಳಿ, ಆದರೆ ಅದು ಉಳಿಸಿದ ಸಮಯದಲ್ಲಿ ಒಂದು ಪಾಲನ್ನು ತಪಾಸಣೆಗೆ ಹಿಂದಿರುಗಿಸಿ. ಅಣ್ಣನ ಯಂತ್ರಕ್ಕೆ ಗಂಟೆಗೆ ಐನೂರರ ಶಕ್ತಿಯಿದೆ. ಅವನು ಮಾಡುವುದು ಇನ್ನೂರೈವತ್ತು. "ಉಳಿದರ್ಧ ಇಣುಕಿ ನೋಡೋದಕ್ಕೆ" ಅನ್ನುತ್ತಾನೆ.