ರಾಣಿಯ ಕಾಲು

ಮಕ್ಕಳೇ, ತುಳಸಿ ಲಗ್ನ ಮುಗಿದರೆ ಸಾಕು, ನಮ್ಮ ಕೋಥರೂಡದಲ್ಲಿ ಮದುವೆಗಳ ಸುಗ್ಗಿ. ಬ್ಯಾಂಡಿನ ಹಿಂದೆ ಜರತಾರಿ ಜೂಲು ಹೊದ್ದ ಬಿಳಿ ಕುದುರೆ, ಮೇಲೆ ಬೆವರುತ್ತ ಕೂತ ಮದುಮಗ. ಅದರ ಮುಂದೆ ಕುಣಿದವರು ನಿಮ್ಮಲ್ಲೂ ಇದ್ದೀರಿ. ಕುದುರೆಯ ಕಾಲನ್ನು ಯಾರಾದರೂ ನೋಡಿದ್ದೀರಾ? ನಾನೂ ನೋಡಿರಲಿಲ್ಲ. ನನ್ನ ಮೊಣಕಾಲು ಹಿಡಿದುಕೊಂಡ ಮೇಲೆ ಕಣ್ಣು ಅತ್ತ ಹೋಗತೊಡಗಿತು.

ನಮ್ಮ ಓಣಿಯ ಕೊನೆಗೆ ಕಟ್ಟುತ್ತಿದ್ದ ರಾಣಿ ಎಂಬ ಹೆಣ್ಣುಕುದುರೆ ಬೆಳಿಗ್ಗೆ ಮೊದಲ ನಾಲ್ಕು ಹೆಜ್ಜೆಯನ್ನು ಥೇಟ್ ನನ್ನ ಹಾಗೆಯೇ ಹಾಕುತ್ತಿತ್ತು. ಬಲ ಹಿಂಗಾಲನ್ನು ಎತ್ತಲಾರದೆ ಎಳೆಯುತ್ತಿತ್ತು. ಆ ಲಾಳದ ಮುಂಭಾಗ ಮಾತ್ರ ಸವೆದಿತ್ತು. ಮಾಲೀಕ ದಿನಾ ನೋವಿನ ಪುಡಿ ತಿನ್ನಿಸಿ ಮೆರವಣಿಗೆಗೆ ಒಯ್ಯುತ್ತಿದ್ದ. "ಏನು ಮಾಡಲಿ ಮಾವಶಿ, ಸೀಸನ್ನಿನ ದುಡಿಮೆಯಲ್ಲೇ ವರ್ಷವಿಡೀ ಅದರದೂ ನಮ್ಮದೂ ಹೊಟ್ಟೆ ತುಂಬಬೇಕು" ಎಂದ. ಬೈಯಲು ಹೋದವಳು ಸುಮ್ಮನಾದೆ.

ಪಶುವೈದ್ಯರು ಬಂದ ದಿನ ನಾನೂ ಅಲ್ಲಿದ್ದೆ. ಆ ಕಾಲನ್ನು ಒಂದು ನಿಮಿಷ ಮಡಚಿ ಹಿಡಿದು, ಬಿಟ್ಟೊಡನೆ ಓಡಿಸಿದರು. ಕುಂಟು ಎದ್ದು ಕಂಡಿತು. ಎಕ್ಸ್-ರೇಯಲ್ಲಿ ಹಿಂಗಾಲಿನ ಗಂಟಿನ ಕೆಳಕೀಲುಗಳು ಸವೆದದ್ದು ಗೊತ್ತಾಯಿತು. ಸವೆದದ್ದು ಮರಳಿ ಬರುವುದಿಲ್ಲವಂತೆ. ಫಿನೈಲ್‌ಬ್ಯುಟಾಜೋನ್ ಎಂಬ ಆ ಪುಡಿ ನೋವನ್ನೇನೋ ತಗ್ಗಿಸುತ್ತದೆ, ಆದರೆ ಬಹಳ ದಿನ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಕೀಲಿನೊಳಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವು ತಿಂಗಳು ಆರಾಮ. ಎಲ್ಲಕ್ಕೂ ಮೊದಲು ಗೊರಸನ್ನು ಸರಿಯಾಗಿ ಕೆತ್ತಿಸಿ, ಮುಂತುದಿ ದುಂಡಗಿರುವ ಲಾಳ ಹೊಡೆಸಬೇಕು. ಹಾಗೆಂದು ಕಟ್ಟಿಯೇ ಹಾಕಬಾರದು; ಮೆತ್ತನೆಯ ಮಣ್ಣಿನಲ್ಲಿ ನಿತ್ಯ ಸ್ವಲ್ಪ ನಡೆಸಬೇಕು. (ನನ್ನ ಡಾಕ್ಟರು ಹೇಳಿದ್ದೂ ಇದನ್ನೇ. ನಾನು ಕೇಳಿರಲಿಲ್ಲ!)

ನನಗೆ ಸೋಜಿಗವೆನಿಸಿದ್ದು ಬೇರೆ. ಆ ಕೆಳಕೀಲುಗಳು ಮೊದಲೇ ಹೆಚ್ಚು ಅಲುಗುವುದಿಲ್ಲ. ಅಲ್ಲಿಯ ಎಲುಬುಗಳು ತಾವಾಗಿ ಬೆಸೆದುಕೊಂಡರೆ, ಇಲ್ಲವೆ ಶಸ್ತ್ರಕ್ರಿಯೆಯಿಂದ ಬೆಸೆದರೆ, ಎಷ್ಟೋ ಕುದುರೆಗಳ ನೋವು ನಿಂತೇಬಿಡುತ್ತದೆ. ಆದರೆ ತಾನಾಗಿ ಬೆಸೆಯಲು ವರ್ಷಗಳೇ ಬೇಕಾದಾವು, ಶಸ್ತ್ರಕ್ರಿಯೆಗೆ ಹಣ ಬೇಕು.

ಇಂಗ್ಲಿಷ್ ಬಿ.ಎ. ಮಾಡಿದ ನನಗೆ 1877ರ 'ಬ್ಲ್ಯಾಕ್ ಬ್ಯೂಟಿ' ಗೊತ್ತಿತ್ತು. ಅದನ್ನು ಬರೆದ ಆನಾ ಸೂವೆಲ್ ಹುಡುಗಿಯಾಗಿದ್ದಾಗಲೇ ಕಾಲಿಗೆ ಪೆಟ್ಟಾಗಿ ಜೀವನವಿಡೀ ಕುಂಟಿದವಳು, ಕುದುರೆಗಾಡಿಯನ್ನೇ ನಂಬಿದವಳು. ಕನ್ನಡದಲ್ಲೇ ಅಭಿನವಚಂದ್ರನ 'ಅಶ್ವವೈದ್ಯ' ಎಂಬ ಹಳೆಯ ಗ್ರಂಥವಿದೆಯೆಂಬುದು ಮಾತ್ರ ಐವತ್ತು ದಾಟಿದ ಮೇಲೆ ತಿಳಿಯಿತು.

ಇಂಜೆಕ್ಷನ್ನಿಗೆ ಓಣಿಯವರು ಒಂದಿಷ್ಟು ಕೂಡಿಸಿಕೊಟ್ಟೆವು. ಈಗ ರಾಣಿ ವಾರಕ್ಕೆ ಒಂದೇ ಮದುವೆಗೆ, ಅದೂ ಹತ್ತಿರದ ಕಾರ್ಯಾಲಯಕ್ಕೆ ಹೋಗುತ್ತದೆ.

"ನನ್ನ ಮದುವೆಗೆ ಕುದುರೆ ಬೇಡಮ್ಮಾ, ಕಾರು ಸಾಕು" ಎಂದ ಮಗ.

"ಎಲ್ಲರೂ ಹಾಗೆಂದರೆ ರಾಣಿಯ ಮೇವಿಗೆ ಯಾರು ಕೊಡುತ್ತಾರೋ?" ಎಂದೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ.