ತುಕ್ಕೇ ಹಿಡಿಯದ ಡಾಲ್ಫಿನ್
ಸೋಲದೇವನಹಳ್ಳಿಯ ಕಾಲೇಜು ಹುಡುಗರಿಗೆ ಹಳೇ ಕಾರಿನ ಹುಚ್ಚು. ಸಂತೋಷ. ಆದರೆ ಮೊಬೈಲಲ್ಲಿ ‘ವಿಂಟೇಜ್ ಸ್ಪೋರ್ಟ್ಸ್ ಕಾರ್, ಬಾಡಿಯಲ್ಲಿ ಒಂಚೂರೂ ತುಕ್ಕಿಲ್ಲ’ ಅಂತ ಯಾರಾದರೂ ಸಿಪಾನಿ ಡಾಲ್ಫಿನ್ ಮಾರೋಕೆ ಹಾಕಿದ್ದು ಕಂಡರೆ ನಕ್ಕುಬಿಡಿ. ನಮ್ಮ ಬೆಂಗಳೂರಲ್ಲೇ ತಯಾರಾದ ಆ ಪುಟಾಣಿ ಗಾಡಿಯ ಮೈಯೇ ಫೈಬರ್‌ಗ್ಲಾಸ್! ತುಕ್ಕು ಹಿಡಿಯೋದು ಅಡಿಯ ಚಾಸಿಗೆ. ಆ ಫೋಟೊ ಎಲ್ಲಿ ಅಂತ ಕೇಳಿ. ಹಗುರವಾಗಿದ್ದರಿಂದ ರೇಸಿನಲ್ಲಿ ಓಡಿದ್ದು ನಿಜ. 848 ಸಿಸಿ ಎಂಜಿನ್ನಿಗೆ ಅದು ಸಣ್ಣ ಮಾತಲ್ಲ. ವಿಂಟೇಜ್ ಅನ್ನೋದು ಮಾತ್ರ ಬುರುಡೆ. 2021ರ ಕೇಂದ್ರ ನಿಯಮದಂತೆ ಅದಕ್ಕೆ 50 ವರ್ಷ ಆಗಿರಬೇಕು. ಡಾಲ್ಫಿನ್ ಬಂದಿದ್ದೇ ಎಂಬತ್ತರ ದಶಕದಲ್ಲಿ. ಗಾಡಿಯ ಕೆಳಗೆ ಮಲಗಿ ನೋಡಿ, ಆರ್‌ಸಿಯಲ್ಲಿರೋ ಚಾಸಿ ನಂಬರ್ ತಾಳೆ ಹಾಕಿ. ಅಲ್ಲೀವರೆಗೂ ಒಂದು ರೂಪಾಯಿ ಅಡ್ವಾನ್ಸ್ ಕಳಿಸಬೇಡಿ.